ಗುಂಡಿ ಡಬ್ಬದಲ್ಲಿದ್ದ ಮಾತ್ರೆ

ಮಾತ್ರೆ ನುಂಗದಿರುವುದಕ್ಕೆ ಜನರ ಹತ್ತಿರ ಸಾವಿರ ನೆಪ ಇರುತ್ತದೆ. ಟೈಲರ್‌ನ ಅಕ್ಕನ ಹತ್ತಿರ ಇದ್ದದ್ದು ಒಂದೇ, ಆದರೆ ಬೆಟ್ಟದಷ್ಟು ದೊಡ್ಡದು.

"ನನ್ನ ತಮ್ಮ ಇದನ್ನೇ ತಿಂದು ತಿಂದು ಸತ್ತ. ನನಗೂ ಇದನ್ನೇ ತಂದಿದೀಯಲ್ಲೇ, ನಮ್ಮ ಮನೆ ಮೇಲೆ ನಿನಗೇನು ಹಗೆ?"

ನರ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. ಹೋದ ವಾರ ಎದೆ ಹಿಂಡಿದಂತಾಗಿ ಅಕ್ಕ ಆಸ್ಪತ್ರೆಗೆ ಹೋಗಿದ್ದಳು. ಡಾಕ್ಟರು ಕೊಲೆಸ್ಟ್ರಾಲ್ ಮಾತ್ರೆ ಬರೆದರು. ಅಕ್ಕ ಅದನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದಿದ್ದಳು. ಅದನ್ನೇ ಹಿಡಿದು ನರ್ಸಮ್ಮ ಮನೆ ಹುಡುಕಿಕೊಂಡು ಬಂದಿದ್ದಳು.

ಟೈಲರ್ ಎಷ್ಟು ತೆಳ್ಳಗಿದ್ದನೆಂದರೆ, ಫ್ಯಾನ್ ಹಾಕಿದಾಗ ಹಾರಿಹೋಗದಿರಲಿ ಎಂದು ಕತ್ತರಿ ಹಿಡಿದು ಕೂರುತ್ತಾನೆ ಎಂದು ಅಕ್ಕನೇ ಆಡಿಕೊಳ್ಳುತ್ತಿದ್ದಳು. ಅಂಥವನು ಒಂದು ದಿನ ಕೊಬ್ಬು ಇಳಿಸುವ ಮಾತ್ರೆ ತಂದ. ಅಂಗಡಿ ತುಂಬ ಗಿರಾಕಿಗಳಿದ್ದರು. ಅಕ್ಕನ ನಾಲಿಗೆ ಸುಮ್ಮನಿರುತ್ತದೆಯೇ?

"ನಿನಗೆ ಕೊಬ್ಬಾ? ಮೈಯಲ್ಲಂತೂ ಕಾಣಲ್ಲ, ತಲೇಲಿರಬೇಕು ಬಿಡು" ಎಂದಿದ್ದಳು.

ಅವತ್ತಿನಿಂದ ಬೀದಿಗೆ ಬೀದಿಯೇ ಅದನ್ನು ಹಿಡಿದುಕೊಂಡಿತು. ಅಳತೆ ಕೊಡಲು ಬಂದವರೂ ಕೇಳುವವರೇ, "ಏನ್ ಟೈಲರಣ್ಣ, ಕೊಬ್ಬು ಇಳೀತಾ?" ಅವನು ತಲೆ ತಗ್ಗಿಸಿ ನಗುತ್ತಿದ್ದ, ಪೆಡಲ್ ತುಳಿಯುತ್ತಿದ್ದ. ಒಂದು ಮಧ್ಯಾಹ್ನ ಹಾಗೇ ಮಷಿನ್ ಮೇಲೆ ಒರಗಿದವನು ಏಳಲಿಲ್ಲ. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಇತ್ತು.

"ದೊಡ್ಡಮ್ಮ, ಇದು ಮೈಮೇಲಿನ ಕೊಬ್ಬಲ್ಲ, ರಕ್ತದಲ್ಲಿರೋದು" ಎಂದಳು ನರ್ಸಮ್ಮ. "ತೆಳ್ಳಗಿರೋರಿಗೂ ಬರುತ್ತೆ. ಮೋರಿ ಪೈಪಲ್ಲಿ ಜಿಡ್ಡು ಕಟ್ಟೋ ಹಾಗೆ ರಕ್ತನಾಳದೊಳಗೆ ಕಟ್ಕೊಂಡು ಹೃದಯಕ್ಕೆ ರಕ್ತ ಹೋಗೋದನ್ನ ತಡೆಯುತ್ತೆ."

"ನನ್ನ ತಮ್ಮನ್ನ ಮೋರಿ ಮಾಡ್ಬಿಟ್ಯಾ? ಮೊದಲು ನಿನ್ನ ಕೋಟು ನೋಡ್ಕೊ. ಟೈಲರ್ ಮನೆಗೆ ಗುಂಡಿ ಕಿತ್ತೋದ ಕೋಟು ಹಾಕ್ಕೊಂಡು ಬಂದಿದಾಳೆ, ನನ್ನ ಎದೆ ಸರಿ ಮಾಡ್ತಾಳಂತೆ. ಬಿಚ್ಚು ಇಲ್ಲಿ."

ನರ್ಸಮ್ಮ ಒಳಗೆ ಬಂದು ಕೋಟು ಬಿಚ್ಚಿ ಕೊಟ್ಟಳು. ತಮ್ಮ ಹೋದ ಮೇಲೆ ಮಷಿನ್ನಿನ ಡ್ರಾಯರ್‌ಗೆ ಅಕ್ಕ ಕೈ ಹಾಕಿರಲಿಲ್ಲ. ಈಗ ಎಳೆದಳು. ಗುಂಡಿ ಡಬ್ಬ ತೆಗೆದು ಮಡಿಲಿಗೆ ಸುರಿದುಕೊಂಡಳು. ಬಿಳಿ ಗುಂಡಿ, ಕರಿ ಗುಂಡಿ, ಹುಕ್ಕುಗಳ ಜೊತೆ ಮಾತ್ರೆಯ ಸ್ಟ್ರಿಪ್‌ಗಳೂ ಬಿದ್ದವು. ಒಂದರಲ್ಲಿ ಅರ್ಧ ಖಾಲಿ. ಉಳಿದವನ್ನು ಒಡೆದೇ ಇರಲಿಲ್ಲ.

ನರ್ಸಮ್ಮ ಒಂದೊಂದಾಗಿ ತಿರುಗಿಸಿ ನೋಡಿದಳು. "ಟೈಲರ್ ಮಾಮ ಮಾತ್ರೆ ತಗೊಳ್ಳೋದು ಬಿಟ್ಬಿಟ್ಟಿದ್ರು ದೊಡ್ಡಮ್ಮ."

"ಇಲ್ಲ ಕಣೇ. ಊಟ ಆದ್ಮೇಲೆ ನಾನೇ ನೀರು ಕೊಡ್ತಿದ್ದೆ. ನುಂಗ್ದೆ ಅಕ್ಕ ಅಂತಿದ್ದ." ಅವಳ ದನಿ ಸಣ್ಣದಾಯಿತು. "ಎಲ್ರೂ ನಗ್ತಾರೆ ಅಂತ ಬಿಟ್ನಾ?"

"ಕಾಲು ನೋವು ಅಂತೇನಾದ್ರೂ ಅಂತಿದ್ರಾ?"

"ಅಂತಿದ್ದ. ಈ ಮಾತ್ರೆ ಶುರು ಮಾಡ್ದಾಗಿಂದ ಮೀನಖಂಡ ಹಿಂಡುತ್ತೆ, ಪೆಡಲ್ ತುಳಿಯಕ್ಕಾಗಲ್ಲ ಅಂತ. ಕೊಬ್ಬು ಕರಗ್ತಿದೆ, ಸುಮ್ನಿರೋ ಅಂದೆ."

ನರ್ಸಮ್ಮ ಸ್ಟ್ರಿಪ್ ಕೆಳಗಿಟ್ಟಳು. "ಕೆಲವರಿಗೆ ಈ ಮಾತ್ರೆಯಿಂದ ಹಾಗಾಗುತ್ತೆ. ಪೆಡಲ್ಲಿಂದಲೂ ಆಗಿರಬಹುದು. ನಾವು ಕೇಳಬೇಕಿತ್ತು. ನಮ್ಮ ಆಸ್ಪತ್ರೆಯಿಂದಲೇ ಮಾತ್ರೆ ಕೊಟ್ಟು ಕಳಿಸಿದ್ವಿ, ನೋವಿದೆಯಾ ಅಂತ ಕೇಳಲಿಲ್ಲ. ಗೊತ್ತಾಗಿದ್ರೆ ಡಾಕ್ಟ್ರು ರಕ್ತ ಪರೀಕ್ಷೆ ಮಾಡ್ಸಿ ಪ್ರಮಾಣ ಕಮ್ಮಿ ಮಾಡ್ತಿದ್ರೋ, ಬೇರೆ ಮಾತ್ರೆ ಕೊಡ್ತಿದ್ರೋ."

"ತಿಂದಿದ್ರೆ ಬದುಕ್ತಿದ್ನಾ?"

"ಖಂಡಿತ ಅಂತ ಹೇಳಕ್ಕಾಗಲ್ಲ ದೊಡ್ಡಮ್ಮ. ಅಪಾಯ ಕಮ್ಮಿ ಆಗ್ತಿತ್ತು."

ಏಳು ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದ ಅಕ್ಕ ಮಡಿಲಿನ ಗುಂಡಿಗಳಲ್ಲಿ ಬೆರಳಾಡಿಸಿದಳು. ಬಿಳಿ ಗುಂಡಿಯೊಂದನ್ನು ಆರಿಸಿದಳು. ಸೂಜಿಗೆ ದಾರ ಹಾಕಲು ಹೋದಳು. ದಾರ ಎಲ್ಲೆಲ್ಲೋ ಹೋಯಿತು.

"ಅವನೇ ಪೋಣಿಸಿ ಕೊಡ್ತಿದ್ದ" ಎಂದಳು.

ನರ್ಸಮ್ಮ ಪೋಣಿಸಿ ಕೊಟ್ಟಳು. ಅಕ್ಕ ಕೋಟಿಗೆ ಗುಂಡಿ ಹೊಲಿದು, ದಾರ ಕಚ್ಚಿ ಹರಿದು, ಕೈ ಚಾಚಿದಳು.

"ಕೊಡು ನೀನು ತಂದಿರೋ ಮಾತ್ರೆ. ನನಗೂ ಕಾಲು ನೋವು ಬಂದ್ರೆ ನಿನ್ನ ಹತ್ರಾನೇ ಬಂದು ಬಡ್ಕೊತೀನಿ, ತಪ್ಪಿಸ್ಕೊಳ್ಳಬೇಡ. ಇದನ್ನ ಯಾರಾದ್ರೂ ಕೊಬ್ಬಿನ ಮಾತ್ರೆ ಅಂತ ನಕ್ರೆ, ಅವರ ಬಾಯಿಗೆ ಗುಂಡಿ ಹೊಲೀತೀನಿ."

ಓದುತ್ತಿರುವ ನರ್ಸಮ್ಮಂದಿರೇ, ಮಾತ್ರೆ ಕೊಡುವಾಗ ಅದು ಏಕೆ ಎಂದು ಮೆಲ್ಲಗೆ ತಿಳಿಸಿ ಹೇಳಿ. ಮತ್ತೆ ಬಂದಾಗ ಮೈಕೈ ನೋವಿದೆಯೇ, ಬೇರೆ ಯಾವ ಔಷಧಿ ತಿನ್ನುತ್ತಾರೆ, ಬಸುರಿಯೇ ಎಂದು ಕೇಳಿ. ಮಾತ್ರೆ ತಿನ್ನುವವರೇ, ರಿಪೋರ್ಟ್ ಚೆನ್ನಾಗಿ ಬಂತೆಂದು, ಯಾರೋ ನಕ್ಕರೆಂದು ನೀವೇ ನಿಲ್ಲಿಸಬೇಡಿ. ಮೈಕೈ ವಿಪರೀತ ನೊಂದರೆ, ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯವರೇ, ನಗುವುದಕ್ಕೆ ಬೇರೆ ನೂರು ವಿಷಯ ಇವೆ.

ಗುಂಡಿ ಡಬ್ಬದಲ್ಲಿ ಗುಂಡಿಗಳಷ್ಟೇ ಇರಲಿ.