ಚಂದಕ್ಕೆ ಹಾಕಿದ ಬುದ್ಧ

ಆಳಂದದ ಮನೆಯಲ್ಲಿ ಕೂತು ವಿಯೆಟ್ನಾಮಿನವರಿಗೆ ಮೊಬೈಲಿನಲ್ಲೇ ಇಂಗ್ಲಿಷ್ ಕಲಿಸುವ ಪಲ್ಲವಿ, ಪಾಠಕ್ಕೆ ಮೊದಲು ತಪ್ಪದೆ ಒಂದು ಕೆಲಸ ಮಾಡುತ್ತಿದ್ದಳು. ಬೆನ್ನ ಹಿಂದಿನ ಗೋಡೆಯಿಂದ ಬಾಬಾಸಾಹೇಬರ ಫೋಟೊ ಇಳಿಸಿ ಮಂಚದ ಮೇಲೆ ಬೋರಲು ಹಾಕುವಳು. ಪಕ್ಕದ ಬುದ್ಧನನ್ನು ಮಾತ್ರ ಬಿಡುವಳು. ಬುದ್ಧ ಈಗ ಹೋಟೆಲಿನಲ್ಲೂ ಇರುತ್ತಾನೆ, ಬ್ಯೂಟಿ ಪಾರ್ಲರಿನಲ್ಲೂ ಇರುತ್ತಾನೆ, ಅವನನ್ನು ನೋಡಿ ಯಾರೂ ಜಾತಿ ಕೇಳುವುದಿಲ್ಲ. ಇಬ್ಬರೂ ಜೋಡಿಯಾಗಿ ಕಂಡರೆ ಮುಗಿಯಿತು. ಪಾಠದ ರೆಕಾರ್ಡಿಂಗನ್ನು ಕೆಲಸ ಕೊಟ್ಟ ಕಂಪನಿಯವರು ನೋಡುತ್ತಾರೆ. ಹಿಂದಿನ ಕೆಲಸದಲ್ಲಿ ಜಾತಿ ಗೊತ್ತಾದ ಮರುದಿನದಿಂದಲೇ, ಊಟದ ಡಬ್ಬಿ ಬಿಚ್ಚುವಾಗ ಪಕ್ಕದ ಕುರ್ಚಿ ಖಾಲಿಯಾಗಿದ್ದನ್ನು ಅವಳು ಮರೆತಿರಲಿಲ್ಲ.

ಅಂದಿನ ಪದ ‘ಸಿನ್ಸಿಯರ್’. ಅಂದರೆ ಮನಸ್ಸಿನಲ್ಲಿದ್ದುದೇ ಬಾಯಲ್ಲಿರುವವರು, ನಿಮ್ಮ ಭಾಷೆಯ ‘ಚನ್ ಥಾನ್’ ಎಂದಳು. ಶಿಲ್ಪಿಗಳು ಮೂರ್ತಿಯ ಬಿರುಕಿಗೆ ಮೇಣ ಮೆತ್ತುತ್ತಿದ್ದರಂತೆ, ಲ್ಯಾಟಿನ್ನಿನ ‘ಸಿನೆ ಸೇರಾ’, ಅಂದರೆ ಮೇಣವಿಲ್ಲದ್ದು, ಅದೇ ಸಿನ್ಸಿಯರ್ ಆಯಿತಂತೆ ಎಂಬ ಕಥೆಯನ್ನೂ ಹೇಳಿದಳು. ಅದು ಬರೀ ಕಟ್ಟುಕಥೆ, ಪಂಡಿತರು ಒಪ್ಪುವುದಿಲ್ಲ, ನಿಜವಾದ ಮೂಲಪದಕ್ಕೆ ಕಲಬೆರಕೆಯಿಲ್ಲದ್ದು ಎಂದರ್ಥ ಎಂದು ತಾನೇ ತಿದ್ದಿದಳು. ಪಾಠದಲ್ಲಿ ಅಷ್ಟು ಪ್ರಾಮಾಣಿಕಳು ನಮ್ಮ ಹುಡುಗಿ!

ಹ್ವೇ ಎಂಬ ವಿದ್ಯಾರ್ಥಿನಿ, ಹನೋಯಿಯ ನರ್ಸು, ಗೋಡೆಯತ್ತ ಬೆರಳು ಮಾಡಿದಳು. “ಟೀಚರ್, ನಮ್ಮ ಮನೆಯಲ್ಲೂ ಬುದ್ಧ ಇದ್ದಾನೆ. ನೀವೂ ಬೌದ್ಧರಾ?”

“ನೋ, ನೋ. ಬುದ್ಧ ಬರೀ ಚಂದಕ್ಕೆ,” ಎಂದುಬಿಟ್ಟಳು ಪಲ್ಲವಿ.

ಬಾಗಿಲಲ್ಲಿ ಅಪ್ಪ ದೇವೀಂದ್ರಪ್ಪ ಚಹಾ ಹಿಡಿದು ನಿಂತಿದ್ದ. ಅವನಿಗೆ ಇಂಗ್ಲಿಷ್ ಬಾರದು. ಆದರೆ ‘ಬುದ್ಧ’ ತಿಳಿಯುತ್ತದೆ, ‘ನೋ’ ತಿಳಿಯುತ್ತದೆ. ಕಪ್ಪು ಇಟ್ಟು ಹೋದ. ಪಲ್ಲವಿಗೆ ನಾಚಿಕೆಯಾಯಿತು. ಅಂದು ಅಪ್ಪನ ಮುಖ ನೋಡದೆಯೇ ಉಂಡಳು.

ಮರುದಿನ ಪಾಠದ ಹೊತ್ತಿಗೆ ಅಪ್ಪನೇ ಸ್ಟೂಲು ಹತ್ತಿದ್ದ. ಬಾಬಾಸಾಹೇಬರನ್ನು ಇಳಿಸಿ, ಹೆಗಲ ಟವೆಲಿನಲ್ಲಿ ಸುತ್ತಿ, ಎದೆಗೆ ಆನಿಸಿಕೊಂಡಿದ್ದ. ಇನ್ನೊಂದು ಕೈ ಬುದ್ಧನ ಮೇಲಿತ್ತು.

“ಇವರನ್ನೂ ಇಳಸ್ಲೇನವ್ವಾ? ನಿನ್ನಿ ಇವರಿಂದನೂ ನಿನಗ ತ್ರಾಸ ಆತು.”

“ಇರ್ಲಿ ಬಿಡಪ್ಪಾ. ಇಬ್ರೂ ಇರ್ಲಿ.”

ಅಪ್ಪ ಮೇಲಿಂದಲೇ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಖರೇನ ಹೇಳಾಕತ್ತಿಯೋ, ನನ್ನ ಮುಂದಷ್ಟ ಹೇಳಾಕತ್ತಿಯೋ?”

ಮೊಬೈಲಿನಲ್ಲಿ ಹ್ವೇ ಆಗಲೇ ಬಂದು ಕಾಯುತ್ತಿದ್ದಳು. ಪಲ್ಲವಿಯ ಬೆರಳು ಕ್ಯಾಮೆರಾ ತೆರೆಯುವ ಗುಂಡಿಯ ಮೇಲೇ ನಿಂತಿತು.