ಚುಕ್ಚಿ ಕಡಲಿನ ಹರಳುಗಳು

ಸುಳ್ಳು ಹೇಳುತ್ತಿರುವುದು ಈ ಹರಳುಗಳೋ, ಅಥವಾ ಮೂರು ವರ್ಷದಿಂದ ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದ ತಾನೋ? ಮಿಲ್ಪಿಟಾಸಿನ ಮನೆಯ ಅಡುಗೆಕಟ್ಟೆಗೆ ಒರಗಿ ಶಿವರಾಜ ಲ್ಯಾಪ್‌ಟಾಪಿನಲ್ಲಿದ್ದ ಹರಳುಗಳ ವಯಸ್ಸುಗಳನ್ನು ಮತ್ತೊಮ್ಮೆ ನೋಡಿದ.

ಉತ್ತರ ಧ್ರುವದ ಕಡೆಯ ಚುಕ್ಚಿ ಕಡಲಿನ ಮರಳುಗಲ್ಲು ಅದು. ಒಂದು ಕಾಲಕ್ಕೆ ಆ ನೆಲ ಕೆನಡಾದ ದ್ವೀಪಗಳಿಗೆ ಅಂಟಿಕೊಂಡಿತ್ತು, ಆಮೇಲೆ ಕೀಲಿನ ಮೇಲಿನ ಬಾಗಿಲಿನಂತೆ ಹೊರಳಿ ದೂರ ಸರಿಯಿತು, ನಡುವೆ ಸಾಗರ ಬಾಯಿ ತೆರೆಯಿತು ಎಂಬುದು ಅವನ ವಾದ. ನಿಜವಾದರೆ, ಒಂದು ದಡದ ಕಚ್ಚಾ ಎಣ್ಣೆ ಹಿಡಿದ ಪದರ ಇನ್ನೊಂದು ದಡದಲ್ಲೂ ಇರಬಹುದು. ಕಲ್ಲಿನೊಳಗಿನ ಜಿರ್ಕಾನ್ ಹರಳುಗಳ ವಯಸ್ಸು ಎರಡೂ ಕಡೆ ಹೊಂದಬೇಕಿತ್ತು. ಹೊಂದಿರಲಿಲ್ಲ. ಇನ್ನೂರೈವತ್ತು ಕೋಟಿ ವರ್ಷದ ಹರಳುಗಳ ಹಿಂಡೊಂದು ಎಲ್ಲಿಂದಲೋ ಬಂದು ನಡುವೆ ಕೂತಿತ್ತು. ಶುಕ್ರವಾರ ಇದನ್ನೇ ಪ್ರೊಫೆಸರರ ಮುಂದಿಟ್ಟರೆ ಅವನ ಪಿಎಚ್‌ಡಿ ಮುಳುಗಿದಂತೆ.

"ಶಿವ್ಯಾ, ಚಾ ಆರಾಕತ್ತೈತಿ!" ಹೊರಗಿನಿಂದ ಕಮಲವ್ವ ಕೂಗಿದಳು. ಗಂಗಾವತಿಯಿಂದ ಕಡಲು ದಾಟಿ ಮಗನ ಮನೆಗೆ ಬಂದು ಅವಳಿಗೆ ತಿಂಗಳಾಗಿತ್ತು. "ನಿನ್ನ ಕಲ್ಲೇನು ಓಡಿ ಹೋಗೂದಿಲ್ಲ."

"ಓಡಿ ಹೋತು ಅಂತ ತೋರ್ಸಾಕನ ಹೆಣಗಾಡಾಕತ್ತೀನಿ, ಬೇ!"

ಲೋಟ ಹಿಡಿದು ಬಾಗಿಲಿಗೆ ಬಂದವನು ನಿಂತುಬಿಟ್ಟ. ಕಮಲವ್ವ ಹೊಸ್ತಿಲ ಮುಂದೆ ಕೂತು ರಂಗೋಲಿ ಪುಡಿಯನ್ನು ಬಿಳಿಯ ನೈಲಾನ್ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಅದು ಅವನು ಕಲ್ಲಿನ ಪುಡಿ ಸೋಸುವ ಬಟ್ಟೆ; ಹೋದ ವಾರ ಚುಕ್ಚಿಯ ಕಲ್ಲನ್ನೂ ಅದರಲ್ಲೇ ಸೋಸಿದ್ದ.

"ಇದ್ ಎಲ್ಲಿ ಸಿಕ್ತಬೇ?"

"ಬಾಲ್ಕನ್ಯಾಗ ಒಣಾ ಹಾಕಿದ್ಯಲ್ಲ. ಬಂದಾಗಿಂದ ಇದರಾಗ ಹಿಡೀತೀನಿ. ತೊಳದು ಅಲ್ಲೇ ಹಾಕ್ತೀನಿ ಬಿಡು."

"ರಂಗೋಲ್ಯಾಗ ಏನು ಬೆರಸೀ?"

"ಮರಳು. ಬರೇ ಪುಡಿ ಬೆರಳಿಂದ ಸರಳ ಇಳಿಯೂದಿಲ್ಲ. ನಮ್ಮ ತುಂಗಭದ್ರಾ ಹೊಳೀದು, ಊರಿಂದ ತಂದೀನಿ."

ಗಂಗಾವತಿಯ ಸುತ್ತಲಿನ ಬಂಡೆಗಳ ವಯಸ್ಸೇ ಇನ್ನೂರೈವತ್ತು ಕೋಟಿ ವರ್ಷ, ಹೊಳೆಯ ಮರಳು ಅವುಗಳದೇ ಪುಡಿ! ಶಿವರಾಜ ಲೋಟವನ್ನು ಕೆಳಗಿಟ್ಟ. ಬಗ್ಗಿ ಅವಳ ಕಾಲು ಮುಟ್ಟಿದವನೇ ಕಾರಿನತ್ತ ಓಡಿದ.

"ಹುಚ್ಚ! ಇವತ್ತ್ಯಾವ ಹಬ್ಬನೋ?"

ಪಾಲೋ ಆಲ್ಟೋದ ಲ್ಯಾಬಿನಲ್ಲಿ ಹರಳುಗಳ ವಯಸ್ಸು ಅಳೆಯುವ ಲೇಸರು ನೋಡಿಕೊಳ್ಳುತ್ತಿದ್ದವಳು ಮೈಸೂರಿನ ರಮ್ಶಾ. ಇನ್ನೊಂದು ಸಲ ಅಳೆಯಬೇಕು ಎಂದ ಅವನು. "ಏನೋ, ನಿಮ್ಮನೆ ಗ್ಯಾರೇಜಲ್ಲೇ ಎಣ್ಣೆ ಸಿಕ್ತಾ? ಸರಿ, ಗುರುವಾರದ ನನ್ನ ಸ್ಲಾಟು ತಗೋ. ಒಂದು ಬಿರಿಯಾನಿ ಬಾಕಿ."

ಉಳಿದಿದ್ದ ಕಲ್ಲಿನ ತುಂಡನ್ನು ಅವನು ಹೊಸದಾಗಿ ಕುಟ್ಟಿ, ಹೊಸ ಬಟ್ಟೆಯಲ್ಲಿ ಜರಡಿ ಹಿಡಿದ. ಗುರುವಾರ ಒಂದೊಂದೇ ವಯಸ್ಸು ಪರದೆಗೆ ಬಂತು. ಮುದಿ ಹರಳುಗಳ ಹಿಂಡು ಮಾಯವಾಗಿತ್ತು. ಕೆನಡಾದ ಕಲ್ಲಿನ ಗ್ರಾಫಿನ ಮೇಲೆ ರಮ್ಶಾ ಇದನ್ನು ಇಟ್ಟಳು. ಏರಿಗೆ ಏರು, ಇಳಿತಕ್ಕೆ ಇಳಿತ ಕೂತಿತು.

"ಮ್ಯಾಚು ಕಣೋ! ಎರಡೂ ಒಂದೇ ನೆಲ!" ಅವಳು ಮೇಜು ಗುದ್ದಿದಳು. "ಹೋದ್ಸಲ ಆ ಹಾಳು ಹರಳುಗಳು ಎಲ್ಲಿಂದ ಬಂದಿದ್ವೋ?"

"ಜರಡಿ ಬಟ್ಟೆ ಮನೇಲಿ ಒಣಗಿಸಿದ್ದೆ. ನನ್ನದೇ ತಪ್ಪು," ಎಂದ ಶಿವರಾಜ.

ಸಂಜೆ ಅವನು ಹೊಸ ನೈಲಾನ್ ಬಟ್ಟೆಯ ತುಂಡೊಂದನ್ನು ಕಮಲವ್ವನ ಕೈಗಿಟ್ಟ.

"ನಿನ್ನ ಕಲ್ಲು ಓಡಿ ಹೋಗಿತ್ತೇನೋ?"

"ಹೋಗಿತ್ತಬೇ! ಖರೇನ ಹೋಗಿತ್ತು!"

"ನಾ ದಿನಾ ರಂಗೋಲಿ ಹಾಕಿದ್ದು ಸುಮ್ಮನಾತೇನು?" ಎಂದು ಅವಳು ನಕ್ಕಳು.

ಆ ರಂಗೋಲಿಯ ಮರಳೇ ತನ್ನ ಕಲ್ಲಿನ ಪುಡಿಯೊಳಗೆ ಸೇರಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.