ಕಾಣದಂತೆ ಇಟ್ಟ ಹಳದಿ ಫೋಟೊಗಳು

ತೋರ್ಸಂಗಿಲ್ಲ ಅಂದ್ರ ತೋರ್ಸಂಗಿಲ್ಲ, ಎದ್ದು ನಡಿ ಮಗನ — ಫೋಟೊ ಸ್ಟುಡಿಯೋದ ಮುನವ್ವರ ಇಷ್ಟು ಗುಡುಗಿದರೂ ಆ ಹುಡುಗ ಅಕ್ಬರ ಸ್ಟೂಲು ಬಿಟ್ಟು ಕದಲಲಿಲ್ಲ, ನಾಹೀದಾ ನಾ ಲಗ್ನ ಆಗೂ ಹುಡುಗಿ ಚಾಚಾ, ನಾ ನೋಡಿದ್ರ ನಿಮ್ಮ ಗಂಟೇನ ಹೋಗತೈತಿ ಅಂತಾನೆ, ಗಂಟಂತೆ ಗಂಟು, ಗಂಗಾವತಿಯಿಂದ ಕುಷ್ಟಗಿಗೆ ಬೈಕು ಓಡಿಸಿಕೊಂಡು ಬಂದಿದ್ದಾನೆ ಬದ್ಮಾಶ, ಪಾಸ್‌ಪೋರ್ಟ್ ಫೋಟೊದ ನೆಪ, ಮುಖದ ಧೂಳು ಕೂಡ ಒರೆಸಿಲ್ಲ, ನಿಕಾ ಆಗುವ ತನಕ ಹುಡುಗಿಗೆ ಅರಿಶಿನ ಹಚ್ಚುವ ಹಳದಿ ಶಾಸ್ತ್ರದ ಫೋಟೊ ವರನ ಕಣ್ಣಿಗೆ ಬೀಳಬಾರದು, ಗಂಡಸರ ಯಾರ ಕಣ್ಣಿಗೂ ಬೀಳಬಾರದು, ಅದಕ್ಕೇ ಅಲ್ಲವೇ ಹೆಂಡತಿ ಮೆಹಜಬೀನಳ ಕೈಗೆ ಕ್ಯಾಮೆರಾ ಕೊಟ್ಟು ಕಳಿಸುವುದು, ಅವಳೇ ಕಂಪ್ಯೂಟರಿಗೆ ಹಾಕುತ್ತಾಳೆ, ಅವಳೇ ಫೋಲ್ಡರು ಕಾಣದಂತೆ ಮಾಡುತ್ತಾಳೆ, ಗಿರಾಕಿಗಳ ಕಣ್ಣು ಸದಾ ಸ್ಕ್ರೀನಿನ ಮೇಲೇ, ನೀವೂ ಆ ಫೋಲ್ಡರು ತಗದು ನೋಡಬ್ಯಾಡ್ರಿ ಎಂದಿದ್ದಾಳೆ, ನೋಡಿಲ್ಲ, ಆ ಒಂದು ನಂಬಿಕೆಯ ಮೇಲೆ ಊರಿನ ತಾಯಂದಿರು ಈ ಸ್ಟುಡಿಯೋಕ್ಕೆ ಬರುತ್ತಾರೆ — ತಗೋ, ನೀನ ಹುಡುಕು ಎಂದು ಮೌಸು ತಳ್ಳಿದ, ಹುಡುಗ ಎಲ್ಲ ಜಾಲಾಡಿದ, ಯಾರದೋ ದಾಳಿಂಬೆ ತೋಟ, ಯಾರವೋ ಎತ್ತು, ನಾಹೀದಾ ಮಾತ್ರ ಎಲ್ಲೂ ಇಲ್ಲ, ಮುನವ್ವರನಿಗೆ ಸಿಟ್ಟಿನೊಳಗೂ ನಗು ಉಕ್ಕುತ್ತಿದೆ, ಅಷ್ಟರಲ್ಲಿ ಮೆಟ್ಟಿಲ ಮೇಲೆ ಬುರ್ಖಾ, ನಾಹೀದಾಳ ತಾಯಿ ಹಜರತಬೀ, ಆಲ್ಬಂಗೆ ಫೋಟೊ ಆರಿಸಲು ಬಂದವಳು, ಹುಡುಗ ಜಿಗಿದು ಹೂದೋಟ ಬರೆದ ಪರದೆಯ ಹಿಂದೆ — ಸಿಕ್ಕಿಬಿದ್ದರೆ ಮುಗಿಯಿತು ಸ್ಟುಡಿಯೋದ ಮರ್ಯಾದೆ.

ಆಕೆ ಸ್ಕ್ರೀನು ನೋಡಿದಳು, ಮತ್ತೆ ನೋಡಿದಳು, ನನ್ನ ಮಗಳೆಲ್ಲಿ, ಅಳಿಸಿಬಿಟ್ರೇನ್ರಿ ಮುನವ್ವರಭಾಯ್, ಇದ್ದಾಕಿ ಒಬ್ಬಾಕಿ, ಆಕಿ ಹಳದಿ ಇನ್ನೊಮ್ಮೆ ಎಲ್ಲಿಂದ ತರ್ಲಿ, ಅದಾವ್ರಿ ಆಪಾ, ಮುಚ್ಚಿಟ್ಟೇವಿ ಎಂದ ಮುನವ್ವರ, ಮುಚ್ಚಿಟ್ರ ತಗದ ತೋರಸ್ರಿ, ಆಕೆ ಅತ್ತೇಬಿಟ್ಟಳು, ಮೆಹಜಬೀನ ಫೋನು ಎತ್ತುತ್ತಿಲ್ಲ, ತೋರಿಸಿದರೆ ಹಿಂದಿರುವವನು ನೋಡುತ್ತಾನೆ, ತೋರಿಸದಿದ್ದರೆ ಈ ತಾಯಿ ಇಲ್ಲೇ ಕುಸಿಯುತ್ತಾಳೆ, ಹಾಳಾಗಲಿ, ಹಿಡನ್ ಐಟಮ್ಸ್ ಮುಂದೆ ಟಿಕ್ ಹಾಕಿದ, ಮಸುಕು ಮಸುಕಾಗಿ ಫೋಲ್ಡರು ಮೂಡಿತು, ಆಕೆಯೇ ಒತ್ತಿದಳು, ಮುನವ್ವರ ಮುಖ ತಿರುಗಿಸುವಷ್ಟರಲ್ಲಿ ಕಂಡೇ ಹೋಯಿತು — ನಾಹೀದಾ ನಗುತ್ತಿದ್ದಾಳೆ, ಮೂಗಿನ ತುದಿಗೆ ಅರಿಶಿನ — ಹಜರತಬೀಯೂ ಕಣ್ಣೊರೆಸಿಕೊಂಡು ನಗುತ್ತಿದ್ದಾಳೆ, ಪರದೆಯ ಅಂಚು ಬೆರಳಷ್ಟು ಸರಿದಿದೆ, ಆಕೆ ಓರೆಗಣ್ಣಿನಲ್ಲೇ ಹಿಂದೆ ನೋಡಿ ಮೆಲ್ಲಗೆ ಅಂದಳು, ಪರದೆ ಕೆಳಗ ಬೂಟು ಕಾಣಾಕತ್ತಾವು, ನೋಡಿ ಆಗಿದ್ರ ಅಳಿಯಂದಿರು ಊರ ಹಾದಿ ಹಿಡೀಲಿ, ನಾ ಯಾರನ್ನೂ ನೋಡಿಲ್ಲ, ಅಕ್ಬರ ಹೊರಬಂದ, ಕಿವಿ ಕೆಂಪು, ತುಟಿಗೆ ನಗು ಮುಚ್ಚಲಾಗುತ್ತಿಲ್ಲ, ಸಲಾಂ ಎಂದವನು ಹೊರಟೇಬಿಟ್ಟ, ಪಾಸ್‌ಪೋರ್ಟ್ ಫೋಟೊಕ್ಕೂ ತಿರುಗಿ ಬರಲಿಲ್ಲ, ಬೈಕಿನ ಸದ್ದು ಸರ್ಕಲ್ಲು ದಾಟಿತು, ಮುನವ್ವರ ಟಿಕ್ ತೆಗೆದ, ಫೋಲ್ಡರು ಮಾಯ, ಆ ಮೂಗು ಮಾತ್ರ ಮಾಯವಾಗದು, ಮೂಗಿನ ತುದಿಗೆ ಅರಿಶಿನ, ತನ್ನ ಲಗ್ನಕ್ಕೆ ಕ್ಯಾಮೆರಾ ಎಲ್ಲಿತ್ತು, ಮೆಹಜಬೀನಳ ಹಳದಿಯ ಫೋಟೊ ಯಾರು ತೆಗೆದಿದ್ದರು, ತಾನಂತೂ ಕಂಡಿಲ್ಲ, ಅವಳೂ ಹೀಗೇ ನಕ್ಕಿರಬೇಕು, ಹೀಗೇ, ಹದಿನೆಂಟರ ಮೆಹಜಬೀನ, ಅವಳ ಮೂಗಿನ ತುದಿಗೆ ಅರಿಶಿನ —